ಹಳೆಯ ಲ್ಯಾಂಕಾಸ್ಟರ್ ಮಾದರಿಯ ಬಣ್ಣ ಕೀಳುವ ಮುನ್ನ

ಪ್ರಶ್ನೆ: ನಮ್ಮ ಚಿಕ್ಕಪ್ಪ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಜೋಡಿಸಿದ ಏರ್‌ಫಿಕ್ಸ್ ಕಂಪನಿಯ ಲ್ಯಾಂಕಾಸ್ಟರ್ ಬಾಂಬರ್ ಮಾದರಿ ನಮ್ಮ ಮನೆಯ ಷೋಕೇಸಿನಲ್ಲಿದೆ. 1/72 ಅಳತೆಯದು. ಮೈತುಂಬಾ ರಿವೆಟ್ ಗುಬುಟುಗಳಿವೆ. ಬಣ್ಣವನ್ನು ಬ್ರಷ್ಷಿನಲ್ಲಿ ದಪ್ಪಗೆ ಬಳಿದಿದ್ದಾರೆ, ಅದೀಗ ಅಲ್ಲಲ್ಲಿ ಎದ್ದಿದೆ. ಪೈಲಟ್ ಕೂರುವ ಜಾಗದ ಗಾಜು ಹಳದಿಯಾಗಿದೆ. ಒಂದು ಪ್ರೊಪೆಲರಿನ ಎಲೆ ಮುರಿದಿದೆ, ಹಿಂದಿನ ಟರೆಟ್ಟಿನ (ತಿರುಗುವ ಬಂದೂಕುಗೂಡಿನ) ಬಂದೂಕುಗಳಿಲ್ಲ, ಬಲ ರೆಕ್ಕೆ ಜೋತುಬಿದ್ದಿದೆ. ಥಿನ್ನರ್ ಹಾಕಿ ಬಣ್ಣ ತೆಗೆದು ಹೊಸದಾಗಿ ಬಳಿಯಬಹುದೇ?

ಉತ್ತರ: ಥಿನ್ನರನ್ನು ಹತ್ತಿರ ತರಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ಥಿನ್ನರ್’ ಎಂದು ಕೇಳಿದರೆ ಸಿಗುವುದು ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್. ನಿಮ್ಮ ಮಾದರಿ ಪಾಲಿಸ್ಟೈರೀನಿನದು. ಎನ್‌ಸಿ ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರಾವಣ, ಪೆಟ್ರೋಲ್ ಇವೆಲ್ಲ ಬಣ್ಣವನ್ನಷ್ಟೇ ಅಲ್ಲ, ಕೆಳಗಿನ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಅರ್ಧ ನಿಮಿಷದಲ್ಲಿ ರಿವೆಟ್ಟುಗಳು ಮಾಯವಾಗಿ ಮೈ ಜಿಗುಟಾಗುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ.

ಇನ್ನೊಂದು ವಿಷಯ ಈಗಲೇ ನೋಡಿಬಿಡಿ. ಷೋಕೇಸಿನೊಳಗೆ ನುಸಿಗುಳಿಗೆ ಇಟ್ಟಿದ್ದೀರಾ? ನಾಫ್ತಲೀನಿನ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಮುಚ್ಚಿದ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದರೆ ಬಣ್ಣದಡಿಯಲ್ಲೇ ಪ್ಲಾಸ್ಟಿಕ್ ಸಡಿಲಗೊಂಡು ರೆಕ್ಕೆ ತನ್ನ ಭಾರಕ್ಕೇ ಬಾಗಬಹುದು. ಬಲ ರೆಕ್ಕೆಯ ಅಡಿಭಾಗವನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಗುಳಿಗೆಯನ್ನು ತೆಗೆದು, ಮಾದರಿಯನ್ನು ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಬಿಡಿ. ಆವಿ ಹೊರಬಿದ್ದ ಮೇಲೆ ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಉಜ್ಜುವುದು, ಬಗ್ಗಿಸುವುದು ಬೇಡ. ಮೆತ್ತನೆಯ ಪಿವಿಸಿ ಹೊದಿಕೆ, ರೆಕ್ಸಿನ್, ರಬ್ಬರ್ ಬ್ಯಾಂಡ್ ಕೂಡ ಇದೇ ಜಾತಿಯವು. ಅವುಗಳಿಂದ ಒಸರುವ ಎಣ್ಣೆಯಂಥ ಪದಾರ್ಥ, ತಾಗಿದಷ್ಟು ಜಾಗವನ್ನು ತಿನ್ನುತ್ತದೆ.

ಏರ್‌ಫಿಕ್ಸ್ ತನ್ನ ಮೊದಲ 1/72 ಲ್ಯಾಂಕಾಸ್ಟರನ್ನು ಮಾರುಕಟ್ಟೆಗೆ ತಂದದ್ದು 1958ರಲ್ಲಿ. 1980ರಲ್ಲಿ ಹೊಸ ಅಚ್ಚು ಬಂತು, 2013ರಲ್ಲಿ ಮತ್ತೊಂದು. 1970ರ ದಶಕದ ಜೋಡಣೆ, ಮೈತುಂಬಾ ಗುಬುಟು ಎಂದ ಮೇಲೆ ನಿಮ್ಮದು ಮೊದಲ ಅಚ್ಚಿನದೇ. ನಿಜವಾದ ವಿಮಾನದಲ್ಲಿ ಅಷ್ಟು ಎದ್ದ ರಿವೆಟ್ಟುಗಳಿರಲಿಲ್ಲ. ಗುಬುಟುಗಳನ್ನು 72 ಪಟ್ಟು ಹಿಗ್ಗಿಸಿದರೆ ಒಂದೊಂದೂ ದೊಡ್ಡ ಕಡುಬಿನಷ್ಟಾದೀತು. ನಿಖರ ಲ್ಯಾಂಕಾಸ್ಟರ್ ಬೇಕಿದ್ದರೆ 2013ರ ಕಿಟ್ ಕೊಂಡು ಮಾಡುವುದೇ ಸರಿ. ಚಿಕ್ಕಪ್ಪ ಕೈಯಾರೆ ಮಾಡಿದ ವಸ್ತು ಉಳಿಯಬೇಕು ಎಂಬುದೇ ಆಸೆಯಾದರೆ ರಿವೆಟ್ಟುಗಳನ್ನು ಮುಟ್ಟದೆ ಬಿಡಿ, ಆ ಕಾಲದ ಕಿಟ್ಟಿನ ಗುರುತೇ ಅವು. ಮುಂದಿನದೆಲ್ಲ ಈ ಎರಡನೆಯ ದಾರಿಯನ್ನು ಹಿಡಿದೇ ಹೇಳುತ್ತಿರುವುದು.

ಮೊದಲು ಎಲ್ಲ ಕೋನದಿಂದ ಫೋಟೊ ತೆಗೆದುಕೊಳ್ಳಿ. ಡಿಕಾಲುಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಅಕ್ಷರ, ಎತ್ತರ, ಅಂಚಿನಿಂದ ಇರುವ ದೂರವನ್ನು ಅಳತೆಪಟ್ಟಿ ಇಟ್ಟು ಬರೆದುಕೊಳ್ಳಿ. ಬಣ್ಣ ಹೋದ ಮೇಲೆ ಆ ಗುರುತುಗಳು ಸಿಗುವುದಿಲ್ಲ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಮೂರು ಹನಿ ಹಾಕಿ ಒರೆಸಿ. ಇಷ್ಟಕ್ಕೇ ಬಣ್ಣ ಚೆನ್ನಾಗಿ ಕಂಡರೆ, ಎದ್ದ ಜಾಗವನ್ನಷ್ಟೇ ತಿದ್ದಿ ನಿಲ್ಲಿಸುವುದೂ ಒಂದು ಒಳ್ಳೆಯ ತೀರ್ಮಾನ. ದಪ್ಪ ಬಣ್ಣ ಹೊಪ್ಪಳೆಯಾಗಿ ಏಳುತ್ತಿದ್ದರೆ ಮಾತ್ರ ಪೂರ್ತಿ ಕೀಳಬೇಕು, ಏಕೆಂದರೆ ಸಡಿಲ ಬಣ್ಣದ ಮೇಲೆ ಬಳಿದ ಹೊಸ ಬಣ್ಣ ಅದರೊಂದಿಗೇ ಎದ್ದುಬರುತ್ತದೆ.

ಬಣ್ಣ ಯಾವ ಜಾತಿಯದೆಂದು ತಿಳಿಯಲು, ಹೊಟ್ಟೆಯಡಿ ಕಾಣದ ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಇಪ್ಪತ್ತು ಸಲ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಅಕ್ರಿಲಿಕ್. ಹತ್ತದಿದ್ದರೆ ಎನಾಮಲ್. ಆ ಕಾಲದ ಇಂಗ್ಲಿಷ್ ಹುಡುಗರು ಬಳಸುತ್ತಿದ್ದುದು ಹೆಚ್ಚಾಗಿ ಹಂಬ್ರಾಲ್ ಎನಾಮಲ್ಲಿನ ಪುಟ್ಟ ಡಬ್ಬಿಗಳನ್ನು, ಹಾಗಾಗಿ ನಿಮ್ಮದೂ ಎನಾಮಲ್ಲೇ ಇರಬಹುದು. ಅಕ್ರಿಲಿಕ್ ಆಗಿದ್ದರೆ ಆಲ್ಕೊಹಾಲನ್ನು ಬಟ್ಟೆಯಲ್ಲಿ ಅದ್ದಿ ಒರೆಸುವುದೇ ಸಾಕು. ಮಾದರಿಯನ್ನು ಅದರಲ್ಲಿ ಗಂಟೆಗಟ್ಟಲೆ ಮುಳುಗಿಸಬೇಡಿ. ಬಿಗುವಿನಲ್ಲಿರುವ ಚಕ್ರದ ಕಾಲು, ಗಾಜಿನ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ.

ಎನಾಮಲ್ಲಿಗೆ ಕಾಸ್ಟಿಕ್ ಸೋಡಾ. ಕ್ಷಾರವು ಎನಾಮಲ್ಲಿನ ಎಣ್ಣೆಯಂಶವನ್ನು ಸಾಬೂನಾಗಿಸಿ ಬಣ್ಣದ ಪದರವನ್ನು ಬಿಡಿಸುತ್ತದೆ, ಪಾಲಿಸ್ಟೈರೀನಿಗೆ ಏನೂ ಮಾಡುವುದಿಲ್ಲ. ಬೆಸೆದ ಅಂಟೂ ಬಿಡುವುದಿಲ್ಲ. ಪ್ಲಾಸ್ಟಿಕ್ ಟಬ್ಬಿಗೆ 4 ಲೀಟರ್ ತಣ್ಣೀರು ಹಾಕಿ, ಅದಕ್ಕೆ 200 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಮರದ ಕಡ್ಡಿಯಿಂದ ಕಲಕಿ. ಯಾವತ್ತೂ ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ: ಹಿಂದುಮುಂದಾದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಮಾಡಿದರೂ ನೀರು ಬಿಸಿಯಾಗುತ್ತದೆ, ಪೂರ್ತಿ ಆರಿದ ಮೇಲೆಯೇ ಮಾದರಿ ಇಳಿಸಿ. ಮೊಣಕೈವರೆಗಿನ ರಬ್ಬರ್ ಕೈಗವಸು, ಪಕ್ಕದಿಂದಲೂ ಮುಚ್ಚುವ ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಬಳಸಲೇಬಾರದು, ಕ್ಷಾರ ಅದನ್ನು ತಿಂದು ಹೈಡ್ರೊಜನ್ ಹೊರಬಿಡುತ್ತದೆ. ಮಕ್ಕಳು, ನಾಯಿ-ಬೆಕ್ಕು ಸುಳಿಯದ ಜಾಗ ಹುಡುಕಿ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ವಿಮಾನದ ಹೊಟ್ಟೆ ಟೊಳ್ಳು. ಟರೆಟ್ ಸಂದಿ, ಕಿಟಕಿ ಸಂದಿಗಳಿಂದ ದ್ರಾವಣ ಒಳಗೆ ನುಗ್ಗಿ ಕೂರುತ್ತದೆ, ತೊಳೆದರೂ ಹೊರಬರುವುದಿಲ್ಲ. ಹೊಸ ಬಣ್ಣ ಬಳಿದು ತಿಂಗಳಾದ ಮೇಲೆ ಸಂದಿಯಿಂದ ಬಿಳಿ ಪುಡಿ ಒಸರಿ ಸುತ್ತಲಿನ ಬಣ್ಣ ಎಬ್ಬಿಸುತ್ತದೆ. ಆದ್ದರಿಂದ ಮುಳುಗಿಸುವ ಮೊದಲೇ ಬಾಂಬ್ ಬಾಗಿಲಿನ ನಡುಗೆರೆಯಲ್ಲಿ ಮುಂದೊಂದು, ಹಿಂದೊಂದು 2 ಮಿ.ಮೀ. ತೂತು ಕೊರೆಯಿರಿ. ಪ್ರತಿ ರೆಕ್ಕೆಯಡಿ, ಎಂಜಿನ್ ಗೂಡಿನ ಹಿಂದೆ, ಒಂದೊಂದು ಇರಲಿ. ಕೆಲಸ ಮುಗಿದ ಮೇಲೆ ಸೂಜಿ ತೆಗೆದ 10 ಮಿ.ಲೀ. ಸಿರಿಂಜಿನಿಂದ ಈ ತೂತುಗಳ ಮೂಲಕ ನೀರು ನುಗ್ಗಿಸಿ, ಅಲ್ಲಾಡಿಸಿ, ಸುರಿಯಿರಿ. ಹೀಗೆ ಐದಾರು ಸಲ. ಒಂದು ಸಲ ಹತ್ತು ಪಾಲು ನೀರಿಗೆ ಒಂದು ಪಾಲು ವಿನೆಗರ್ ಬೆರೆಸಿ ನುಗ್ಗಿಸಿ, ಮತ್ತೆ ಬರೀ ನೀರು. ಎರಡು ದಿನ ತೂತು ಕೆಳಗಾಗಿಟ್ಟು ಒಣಗಿಸಿ. ತೂತು ಮುಚ್ಚಲು ಪ್ಲಾಸ್ಟಿಕ್ ಕಡ್ಡಿ ಚೂರು ತೂರಿಸಿ ಅಂಟು ಹಾಕಿ ಉಜ್ಜಿದರಾಯಿತು.

ದ್ರಾವಣದಲ್ಲಿ ಇಳಿಸಿದ ಎರಡು ಗಂಟೆಗೆ ಒಮ್ಮೆ ನೋಡಿ, ಇಲ್ಲವಾದರೆ ರಾತ್ರಿಯಿಡೀ ಬಿಡಿ. ದಪ್ಪ ಎನಾಮಲ್ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದುಬರುತ್ತದೆ. ರಿವೆಟ್ಟುಗಳ ನಡುವೆ ಸಿಕ್ಕಿದ್ದನ್ನು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ, ದ್ರಾವಣದೊಳಗೇ ಇಟ್ಟು, ಉಜ್ಜಿ. ಹೊರಗೆತ್ತಿ ಉಜ್ಜಿದರೆ ಕ್ಷಾರ ಕಣ್ಣಿಗೆ ಸಿಡಿಯುತ್ತದೆ. ಹಠಮಾರಿ ಜಾಗಕ್ಕೆ ಎರಡನೆಯ ರಾತ್ರಿ. ಹಳೆಯ ಬಣ್ಣದ ಹಳದಿ, ಕೆಂಪು, ಹಸಿರುಗಳಲ್ಲಿ ಸೀಸದ ಸಂಯುಕ್ತಗಳು ಇರಬಹುದು, ಹಾಗಾಗಿ ಒಣ ಉಜ್ಜು ಬೇಡವೇ ಬೇಡ, ಏನೇ ಉಜ್ಜಿದರೂ ನೀರು ಹಚ್ಚಿ. ಉಳಿದ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿ, ಬಣ್ಣದ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ. ಗಿಡದ ಬುಡಕ್ಕೆ ಸುರಿಯಬೇಡಿ.

ಇನ್ನು ಗಾಜಿನ ಭಾಗಗಳು. ನನ್ನ ಮಟ್ಟಿಗೆ ಲ್ಯಾಂಕಾಸ್ಟರಿನ ಅಂದಚಂದವೆಲ್ಲ ಇಲ್ಲೇ ಇದೆ. ಪೈಲಟ್ಟಿನ ಉದ್ದನೆಯ ಗಾಜುಮನೆ, ಮೂತಿಯ ಗುಮ್ಮಟ, ಮೂರು ಟರೆಟ್ಟು. ಹೊಸ ಬಣ್ಣದ ನಡುವೆ ಮಂಜಾದ ಗಾಜು ಕೂತರೆ ಮಿಕ್ಕ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಡಿಸಲು ಮಾದರಿಯನ್ನು ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಮೂರು ಗಂಟೆ ಇಡಿ. ಹಳೆಯ ಟ್ಯೂಬ್ ಅಂಟು ಸರಿಯಾಗಿ ಬೆಸೆಯದ ಕಡೆ, ಫೆವಿಕ್ವಿಕ್‌ನಂಥ ಅಂಟು ಹಾಕಿದ ಕಡೆ, ಚಳಿಗೆ ಸೆಡೆತು ಬಿಡುತ್ತದೆ. ತೆಗೆದ ಕೂಡಲೇ ತೆಳು ಬ್ಲೇಡನ್ನು ಸಂದಿಗೆ ಇಟ್ಟು ತಿರುಚದೆ ಮೆಲ್ಲಗೆ ಒತ್ತಿ, ಟಕ್ ಎಂದರೆ ಗೆದ್ದಿರಿ. ಎರಡು ಸಲಕ್ಕೂ ಬಿಡದಿದ್ದರೆ ಅಲ್ಲಿ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿನೊಳಗೆ ಕರಗಿ ಒಂದಾಗಿದೆ. ಮೀಟಿದರೆ ಗಾಜು ಸೀಳುತ್ತದೆ, ಇದ್ದಲ್ಲೇ ಹೊಳಪು ಕೊಡುವುದು ಲೇಸು.

ಹಳದಿಯಲ್ಲಿ ಎರಡು ಬಗೆ. ಮೇಲಿನ ಹಳೆಯ ವಾರ್ನಿಷ್ ಹಳದಿಯಾಗಿದ್ದರೆ ಉಜ್ಜಿದಾಗ ಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪ್ಲಾಸ್ಟಿಕ್ಕೇ ಕೆಟ್ಟಿದ್ದರೆ ಎಷ್ಟು ಉಜ್ಜಿದರೂ ಹೋಗದು. ಒಂದು ಮೂಲೆಯಲ್ಲಿ 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಚ್ಚಿ ಉಜ್ಜಿ ನೋಡಿ. ನೀರು ಕೊಳೆಹಳದಿಯಾಗಿ ಗಾಜು ತಿಳಿಯಾದರೆ ಮುಂದುವರಿಸಿ: 2000, 3000, ಆಮೇಲೆ ಉಗುರಿಗೆ ಹೊಳಪು ಕೊಡುವ ನಾಲ್ಕು ಮೈಯ ಬಫರ್ ಸಿಗುತ್ತದಲ್ಲ, ಫ್ಯಾನ್ಸಿ ಸ್ಟೋರಿನದು, ಅದರ ಕೊನೆಯ ಎರಡು ಮೈ. ಪ್ರತಿ ಹಂತದಲ್ಲೂ ಹಿಂದಿನದಕ್ಕೆ ಅಡ್ಡಡ್ಡ ಉಜ್ಜಿ, ಹಿಂದಿನ ಗೀರು ಮಾಯವಾಯಿತೋ ಇಲ್ಲವೋ ಎಂದು ಆಗ ಕಾಣುತ್ತದೆ. ಅವಸರಪಟ್ಟು ಒಂದು ಹಂತ ಹಾರಿಸಿದವರ ಗಾಜು ಸಾಲಾಗಿ ಗೀರಿದ ಹಾಗೇ ಉಳಿಯುತ್ತದೆ.

ಒಳಗೇ ಹಳದಿಯಾಗಿದ್ದರೆ ಹೊಸದು ಮಾಡಿ. ಹಳೆಯ ಗಾಜಿನ ಒಳಮೈಗೆ ತೆಳ್ಳಗೆ ವ್ಯಾಸಲಿನ್ ಸವರಿ, ಎಂ-ಸೀಲ್ ತುಂಬಿ ಒತ್ತಿ, ಅರ್ಧ ಸೆಂ.ಮೀ. ಹೆಚ್ಚಿಗೆ ಹಿಡಿಕೆಯಂತೆ ಹೊರಗೆ ಬಿಡಿ. ಒಂದು ದಿನ ಬಿಟ್ಟು ಹೊರತೆಗೆದರೆ ಅಚ್ಚು ಸಿದ್ಧ, ಅದನ್ನು 1000 ನಂಬರಿನ ಕಾಗದದಿಂದ ನುಣುಪು ಮಾಡಿ. ಹಾಳೆಗೆ ಬೇಕರಿಯ ಕೇಕ್ ಡಬ್ಬಿಯ ತಿಳಿ ಮುಚ್ಚಳ ಒಳ್ಳೆಯದು, ಅದು ಪಿಇಟಿ ಎಂಬ ಪ್ಲಾಸ್ಟಿಕ್. ಪ್ರೊಜೆಕ್ಟರಿಗೆ ಬಳಸುತ್ತಿದ್ದ ತಿಳಿ ಹಾಳೆಯನ್ನು ಎಳೆದು ಮಾಡಿರುತ್ತಾರೆ, ಅದು ಬಿಸಿಗೆ ಮುದುಡುತ್ತದೆಯೇ ಹೊರತು ಅಚ್ಚಿಗೆ ಕೂರುವುದಿಲ್ಲ. ಮುಚ್ಚಳವನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಪಿನ್ ಮಾಡಿ, ಗ್ಯಾಸ್ ಒಲೆಯ ಸಣ್ಣ ಉರಿಯಿಂದ ಹತ್ತು ಹನ್ನೆರಡು ಸೆಂ.ಮೀ. ಮೇಲೆ ಹಿಡಿದು ಅತ್ತಿತ್ತ ಆಡಿಸಿ. ಹಾಳೆ ಮೊದಲು ಸೊಟ್ಟಸೊಟ್ಟಾಗಿ ಅಲೆಯುತ್ತದೆ, ಮತ್ತೆ ತಾನೇ ಬಿಗಿದು ಸಮನಾಗುತ್ತದೆ, ಬಳಿಕ ನಡುವೆ ಜೋಲತೊಡಗುತ್ತದೆ. ಆ ಜೋಲುವ ಗಳಿಗೆಯಲ್ಲೇ ಮೇಜಿನ ಮೇಲೆ ನಿಲ್ಲಿಸಿದ ಅಚ್ಚಿನ ಮೇಲೆ ಒಂದೇ ಏಟಿಗೆ ಒತ್ತಿ, ಹತ್ತು ಎಣಿಸುವವರೆಗೆ ಹಿಡಿದಿರಿ. ಮೊದಲೇ ಒತ್ತಿದರೆ ಮೂಲೆಗಳು ದುಂಡಾಗುತ್ತವೆ, ತಡಮಾಡಿದರೆ ಪಿಇಟಿ ಹಾಲುಬಿಳುಪಾಗುತ್ತದೆ. ಐದಾರು ಹಾಳೆ ಕೆಟ್ಟು ಒಂದು ಚೆನ್ನಾಗಿ ಬಂದರೆ ಸರಿಯಾದ ಲೆಕ್ಕವೇ.

ಅದರ ಮೇಲಿನ ಚೌಕಟ್ಟಿನ ಗೆರೆಗಳನ್ನು ಬ್ರಷ್ಷಿನಿಂದ ಎಳೆಯಲು ಹೋಗಬೇಡಿ. ಒಂದು ಅಂಗುಲದ ಚೌಕಟ್ಟು ಈ ಅಳತೆಯಲ್ಲಿ 0.35 ಮಿ.ಮೀ. ಆಗುತ್ತದೆ. ಖಾಲಿ ಡಿಕಾಲ್ ಹಾಳೆಗೆ ಮೊದಲು ಬಣ್ಣ ಬಳಿದು ಒಣಗಿಸಿ, ಹೊಸ ಬ್ಲೇಡಿನಿಂದ ಉಕ್ಕಿನ ಪಟ್ಟಿ ಇಟ್ಟು ದಾರದಂತೆ ಕತ್ತರಿಸಿ, ನೀರಿನಲ್ಲಿ ಅದ್ದಿ ಜೋಡಿಸಿ. ಗಾಜನ್ನು ಕೂರಿಸಲು ಫೆವಿಕಾಲ್ ಸಾಕು. ಫೆವಿಕ್ವಿಕ್ ಬಳಸಿದರೆ ಅದರ ಆವಿ ಗಾಜಿನ ಒಳಗೆ ಬೂದಿ ಬಡಿದಂತೆ ಬಿಳಿಯಾಗಿ ಕೂರುತ್ತದೆ.

ರೆಕ್ಕೆಗೆ ಬರೋಣ. ಲ್ಯಾಂಕಾಸ್ಟರಿನ ರೆಕ್ಕೆ ನಡುಭಾಗದಲ್ಲಿ, ಅಂದರೆ ಒಳಗಿನ ಎರಡು ಎಂಜಿನುಗಳವರೆಗೆ, ಸಪಾಟು, ಅಲ್ಲಿಂದಾಚೆ ಮೇಲಕ್ಕೇರುತ್ತದೆ. ಬುಡದ ಅಂಟು ಬಿಟ್ಟು ಜೋತಿದೆಯೋ, ಪ್ಲಾಸ್ಟಿಕ್ಕೇ ಬಾಗಿದೆಯೋ ನೋಡಿ. ಬುಡ ಬಿಟ್ಟಿದ್ದರೆ ಪೂರ್ತಿ ಬಿಡಿಸಿ, ರೆಕ್ಕೆಯ ಬುಡ ಮತ್ತು ಮೈ ಎರಡಕ್ಕೂ ತೂತು ಕೊರೆದು 3 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ದಾಟಿಸಿ ಎಪಾಕ್ಸಿಯಿಂದ ಕೂರಿಸಿ. ಬರೀ ಅಂಟನ್ನು ನಂಬಿದರೆ ಮತ್ತೆ ಜೋಲುತ್ತದೆ. ಪ್ಲಾಸ್ಟಿಕ್ಕೇ ಬಾಗಿದ್ದರೆ 65ರಿಂದ 70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಹಿಡಿದು, ಕೈಯಲ್ಲಿ ತಿದ್ದಿ, ಹಾಗೇ ತಣ್ಣೀರಿಗೆ ಅದ್ದಿ. ಕುದಿಯುವ ನೀರು ಬೇಡ, ಅಚ್ಚಿನಲ್ಲಿ ಹಾಕುವಾಗ ಪ್ಲಾಸ್ಟಿಕ್ಕಿನೊಳಗೆ ಕೂತ ಬಿಗುವೆಲ್ಲ ಒಮ್ಮೆಗೇ ಬಿಟ್ಟು ರೆಕ್ಕೆ ಹಪ್ಪಳದಂತೆ ಮುರುಟುತ್ತದೆ. ಒಣಗುವಾಗ ಎರಡೂ ತುದಿಗಳ ಕೆಳಗೆ ಬೆಂಕಿಪೊಟ್ಟಣ, ಇಸ್ಪೀಟೆಲೆಗಳನ್ನು ಒಂದೇ ಎತ್ತರಕ್ಕೆ ಪೇರಿಸಿಡಿ. ಅಳತೆ ಸರಿ ಇದೆಯೇ ಎಂದು ತಿಳಿಯಲು ತುದಿಯಿಂದ ತುದಿಗೆ ಅಳೆಯಿರಿ. ನಿಜ ವಿಮಾನದ ರೆಕ್ಕೆಹರವು 31.09 ಮೀಟರ್, ಆದ್ದರಿಂದ ಮಾದರಿಯದು ಸುಮಾರು 432 ಮಿ.ಮೀ. ಇರಬೇಕು.

ಸಂದಿ ತುಂಬಲು ಫೆವಿಕ್ವಿಕ್ ಮತ್ತು ಟಾಲ್ಕಂ ಪೌಡರ್ ಸಮಪಾಲು ಬೆರೆಸಿದ ಲೇಪ ಚೆನ್ನ, ಟ್ಯೂಬ್ ಪುಟ್ಟಿಯಂತೆ ಕುಗ್ಗುವುದಿಲ್ಲ. ಆದರೆ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ಮಾರನೆಯ ದಿನಕ್ಕೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಜ್ಜಿದಾಗ ಪ್ಲಾಸ್ಟಿಕ್ ಸವೆದು ಲೇಪ ಉಬ್ಬಾಗಿ ನಿಲ್ಲುತ್ತದೆ. ಉಜ್ಜುವಾಗ ಅಕ್ಕಪಕ್ಕದ ರಿವೆಟ್ಟುಗಳ ಮೇಲೆ ಟೇಪ್ ಹಚ್ಚಿರಿ. ಹಾಗೂ ಸವೆದುಹೋದವನ್ನು ಸೂಜಿಮೊನೆಯಲ್ಲಿ ಫೆವಿಕಾಲಿನ ಚುಕ್ಕೆ ಇಟ್ಟು ಮರಳಿ ಮಾಡಬಹುದು. ನಾಲ್ಕಾರಾದರೆ ಮಾಡಿ, ನಾನೂರಾದರೆ ಬೇಡ.

ಪ್ರೊಪೆಲರಿನ ವ್ಯಾಸ 13 ಅಡಿ, ಮಾದರಿಯಲ್ಲಿ 55 ಮಿ.ಮೀ. ಮುರಿದ ಎಲೆಯನ್ನು 0.75 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ, ಬಿಸಿನೀರಿನಲ್ಲಿ ತಿರುಚಿ, 0.4 ಮಿ.ಮೀ. ತಂತಿಯ ಮೊಳೆಯಿಂದ ಗುಂಬಕ್ಕೆ ಸೇರಿಸಿ. ತಿರುಚು ಯಾವ ಕಡೆಗೆಂದು ಪಕ್ಕದ ಎಲೆಯನ್ನು ನೋಡಿಯೇ ಮಾಡಿ. ನಾಲ್ಕೂ ಮೆರ್ಲಿನ್ ಎಂಜಿನುಗಳು ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಒಂದೇ ಕಡೆಗೆ ತಿರುಗುತ್ತವೆ, ಒಂದು ಎಲೆ ಕನ್ನಡಿಯಲ್ಲಿ ನೋಡಿದ ಹಾಗಾದರೆ ಪಕ್ಕನೆ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಟರೆಟ್ಟಿನಲ್ಲಿ .303 ಬ್ರೌನಿಂಗ್ ಬಂದೂಕು ನಾಲ್ಕು, ನಡುಬೆನ್ನಿನಲ್ಲಿ ಎರಡು, ಮೂತಿಯಲ್ಲಿ ಎರಡು. 27 ಗೇಜಿನ ಇಂಜೆಕ್ಷನ್ ಸೂಜಿಯ ಹೊರವ್ಯಾಸ 0.41 ಮಿ.ಮೀ., ಅದೇ ನಳಿಗೆಗೆ ಹೊಂದುತ್ತದೆ. ಬಳಸದ ಹೊಸ ಸೂಜಿಗೆ ಟೇಪ್ ಸುತ್ತಿ, ಮೂರುಮೂಲೆ ಅರದಿಂದ ಸುತ್ತ ಗೀರಿ ಮುರಿಯಿರಿ. ಟೇಪ್ ಇಲ್ಲದಿದ್ದರೆ ಚೂರು ಕಣ್ಣಿಗೆ ಹಾರುತ್ತದೆ.

ಬಣ್ಣ ಬಳಿಯುವ ಮುನ್ನ ಇಡೀ ಮೈಯನ್ನು ಮತ್ತೊಮ್ಮೆ ಸಾಬೂನು ನೀರಿನಲ್ಲಿ ತೊಳೆದು, ಬೂದು ಪ್ರೈಮರ್ ತೆಳ್ಳಗೆ ಕೊಡಿ. ಎನಾಮಲ್ಲನ್ನು ತೆಳುವಾಗಿಸಲು ಟರ್ಪಂಟೈನ್. ರಾತ್ರಿ ಬಾಂಬರಿಗೆ ಮೇಲೆ ಗಾಢ ಮಣ್ಣುಬಣ್ಣ, ಗಾಢ ಹಸಿರು. ಹೊಟ್ಟೆ, ಬದಿ, ಬಾಲದ ಎರಡು ನಿಲುಹಲಗೆಗಳು ಕಪ್ಪು. ಹಂಬ್ರಾಲ್ ನಂಬರಿನಲ್ಲಿ 29, 30, 33. ಹಗುರ ಬಣ್ಣ ಮೊದಲು: ಮಣ್ಣು, ಹಸಿರು, ಕೊನೆಗೆ ಕಪ್ಪು. ಅಪ್ಪಟ ಕಪ್ಪು ಇಷ್ಟು ಸಣ್ಣ ವಸ್ತುವಿನ ಮೇಲೆ ಇದ್ದಿಲಿನ ಗುಳಿಯಂತೆ ಕಂಡು ರಿವೆಟ್ಟುಗಳೂ ಅಡಗುತ್ತವೆ, ಹತ್ತು ಪಾಲಿಗೆ ಒಂದು ಪಾಲು ಗಾಢ ಬೂದು ಬೆರೆಸಿ. ಒಂದೊಂದು ಬಣ್ಣದ ನಡುವೆ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ ಬಿಡಿ. ಒಳಗೆ ಹಸಿಯಿದ್ದಾಗ ಮೇಲೆ ವಾರ್ನಿಷ್ ಬಿದ್ದರೆ ಬಣ್ಣ ಒಣಗೆರೆಯ ತಳದಂತೆ ಬಿರಿಯುತ್ತದೆ.

ಡಿಕಾಲ್ ಹಚ್ಚುವ ಮುನ್ನ ಹೊಳಪು ವಾರ್ನಿಷ್ ಬೇಕೇಬೇಕು. ಮಂಕು ಬಣ್ಣದ ತರಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಡಿಕಾಲಿನ ಅಂಚು ಬೆಳ್ಳಿಯಂತೆ ಮಿನುಗುತ್ತದೆ. ಕಿಟ್ಟಿನ ಹಳೆಯ ಡಿಕಾಲ್ ಹಾಳೆ ಉಳಿದಿದ್ದು ಹಳದಿಯಾಗಿದ್ದರೆ, ಜಿಪ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಂದು ವಾರ ಅಂಟಿಸಿಡಿ, ಹಳದಿ ತಿಳಿಯಾಗುತ್ತದೆ. ಒಂದು ಚೂರನ್ನು ನೀರಿಗೆ ಹಾಕಿ ನೋಡಿ. ಒಡೆದರೆ ಮೈಕ್ರೋಸ್ಕೇಲ್ ಕಂಪನಿಯ ದ್ರವ ಡಿಕಾಲ್ ಫಿಲ್ಮ್ ಒಂದು ಕೋಟು ಬಳಿದು ಒಣಗಿಸಿ ಬಳಸಿ. 1942ರ ನಡುವಿನಿಂದಾಚೆಗಿನ ವಿಮಾನವಾದರೆ ಮೈಬದಿಯ ವಾಯುಪಡೆ ಗುರುತಿನ ವೃತ್ತದಲ್ಲಿ ಬಿಳಿ, ಹಳದಿ ಉಂಗುರಗಳು ಕಿರಿದು; ರೆಕ್ಕೆಯ ಮೇಲೆ ಬರೀ ಕೆಂಪು-ನೀಲಿ; ರೆಕ್ಕೆಯಡಿ ಏನೂ ಇಲ್ಲ. ಬಾಲದ ಪಟ್ಟಿಯಲ್ಲಿ ಕೆಂಪು ಯಾವಾಗಲೂ ಮುಂಭಾಗಕ್ಕೆ, ಎಡಬಲ ಅದಲುಬದಲಾಗದಂತೆ ನೋಡಿ. ಚಿಕ್ಕಪ್ಪ ಹಚ್ಚಿದ್ದ ಅಕ್ಷರಗಳನ್ನೇ ಉಳಿಸಿಕೊಳ್ಳಿ, ಅಳತೆ ಬರೆಸಿದ್ದು ಅದಕ್ಕೇ.

ಕೊನೆಗೆ ಆಂಟೆನಾ ತಂತಿ. ಕಿಟ್ಟಿನ ಬಿಡಿಭಾಗಗಳು ಅಂಟಿಕೊಂಡು ಬರುವ ಚೌಕಟ್ಟು ಕಡ್ಡಿಯನ್ನು, ಅಥವಾ ಅಂಥದೇ ಯಾವುದಾದರೂ ಪಾಲಿಸ್ಟೈರೀನ್ ಕಡ್ಡಿಯನ್ನು, ಮೇಣದಬತ್ತಿಯ ಮೇಲೆ ತಿರುಗಿಸುತ್ತ ನಡುಭಾಗ ಹೊಳೆದು ಮೆತ್ತಗಾದ ಕೂಡಲೇ ಉರಿಯಿಂದ ಹೊರತಂದು ಎಳೆಯಿರಿ. ನಿಧಾನಕ್ಕೆ ಎಳೆದರೆ ದಪ್ಪ, ರಪ್ಪನೆ ಎಳೆದರೆ ಕೂದಲೆಳೆ. ಒಂದು ತುದಿಯನ್ನು ಅಂಟಿಸಿ, ಒಣಗಿದ ಮೇಲೆ ಇನ್ನೊಂದನ್ನು ಕೊಂಚ ಸಡಿಲವಾಗಿಯೇ ಅಂಟಿಸಿ. ಆಮೇಲೆ ಊದುಬತ್ತಿ ಹಚ್ಚಿ, ಅದರ ಕೆಂಡವನ್ನು ಎಳೆಯಿಂದ ಒಂದು ಸೆಂ.ಮೀ. ದೂರದಲ್ಲಿ ಉದ್ದಕ್ಕೂ ಒಮ್ಮೆ ಸಾಗಿಸಿ. ಎಳೆ ತಾನೇ ಬಿಗಿಯಾಗುತ್ತದೆ. ಒಂದೇ ಕಡೆ ಹಿಡಿದು ನಿಂತರೆ ತುಂಡಾಗುತ್ತದೆ.